ಶುಂಡೆಯ ನೆಲ, ಶಿಡ್ಲಘಟ್ಟದ ನೆಲ

ನಾನು ಒಂಬತ್ತು ವರ್ಷಗಳಿಂದ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತದಲ್ಲಿದ್ದೇನೆ. ಫೋಷಾನ್ ನಗರಕ್ಕೆ ಸೇರಿದ ಶುಂಡೆ ಎಂಬಲ್ಲಿ, ಫ್ಯಾನು ಮತ್ತು ಕಂಪ್ರೆಸರುಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವುದು ನನ್ನ ಕೆಲಸ. ಊರು ಶಿಡ್ಲಘಟ್ಟ ತಾಲ್ಲೂಕು. ರೇಷ್ಮೆ ಹುಳು ಸಾಕಿ ಬದುಕಿದ ಮನೆತನ. ಇಲ್ಲಿಗೆ ಬಂದ ಹೊಸದರಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಕಾರ್ಖಾನೆಯ ಹಿಂದಿನ ಮೀನಿನ ಕೊಳವನ್ನು ತೋರಿಸಿ, ತಮ್ಮ ತಂದೆಯ ಕಾಲದಲ್ಲಿ ಅದರ ಏರಿಯುದ್ದಕ್ಕೂ ಹಿಪ್ಪುನೇರಳೆ ಬೆಳೆಯುತ್ತಿದ್ದರೆಂದೂ, ಸೊಪ್ಪು ಹುಳುವಿಗೆ, ಹುಳುವಿನ ಹಿಕ್ಕೆ ಮೀನಿಗೆ, ಕೊಳದ ಗೋಡು ಮತ್ತೆ ಗಿಡದ ಬುಡಕ್ಕೆ ಹೋಗುತ್ತಿತ್ತೆಂದೂ ವಿವರಿಸಿದಾಗ, ಕೆರೆಗೋಡು ಹೊಡೆದ ನಮ್ಮೂರಿನ ತೋಟವೇ ಕಣ್ಣ ಮುಂದೆ ಬಂತು. ಇದೂ ಒಂದು ಕಾಲದ ರೇಷ್ಮೆ ಸೀಮೆ. ಇಲ್ಲಿನ ತೋಟಗಳು ಕಾರ್ಖಾನೆಗಳಾದಾಗ ನೆಲದ ಬೆಲೆ ಏರಿತಲ್ಲ, ಆ ಏರಿಕೆ ಯಾರ ಕೈ ಸೇರಿತು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಊರಿಗೆ ಹೋದಾಗಲೆಲ್ಲ ಚೀನಾ ಬೆಳೆದ ಬಗೆಯ ಕುರಿತು ಎರಡು ಬಗೆಯ ಮಾತು ಕೇಳಿಬರುತ್ತವೆ. ಚೀನಾ ಸಮಾಜವಾದವನ್ನು ಕೈಬಿಟ್ಟು ಮಾರುಕಟ್ಟೆಗೆ ಬಾಗಿಲು ತೆರೆದದ್ದರಿಂದಲೇ ಉದ್ಧಾರವಾಯಿತು ಎನ್ನುವವರು ಕೆಲವರು. ಸರ್ಕಾರದ ಹಿಡಿತ ಸಡಿಲವಾಗದಿದ್ದುದರಿಂದಲೇ ಅದು ಸಾಧ್ಯವಾಯಿತು ಎನ್ನುವವರು ಇನ್ನು ಕೆಲವರು. ಚೀನಾದ ಕಮ್ಯುನಿಸ್ಟ್ ಪಕ್ಷವೇ 1992ರ ಮಹಾಧಿವೇಶನದಲ್ಲಿ ‘ಸಮಾಜವಾದಿ ಮಾರುಕಟ್ಟೆ ಅರ್ಥವ್ಯವಸ್ಥೆ’ ಎಂಬ ಮಾತನ್ನು ಗುರಿಯಾಗಿ ಒಪ್ಪಿ, ಮರುವರ್ಷ ಸಂವಿಧಾನಕ್ಕೂ ಸೇರಿಸಿತು. ನಮ್ಮ ಸಂವಿಧಾನದ ಪ್ರಸ್ತಾವನೆಗೂ 1976ರಲ್ಲಿ ‘ಸಮಾಜವಾದಿ’ ಎಂಬ ಪದ ಸೇರಿದೆ. ಪದಗಳನ್ನು ಹಿಡಿದು ವಾದಿಸುತ್ತ ಹೋದರೆ ಎಲ್ಲಿಗೂ ಮುಟ್ಟುವುದಿಲ್ಲ. ಎರಡೂ ಕಡೆಯವರು ಬ್ಯಾಂಕು, ಕಾರ್ಖಾನೆ, ರಫ್ತುಗಳ ಬಗ್ಗೆ ಮಾತನಾಡುತ್ತಾರೆ. ನೆಲದ ಬಗ್ಗೆ ಮಾತನಾಡುವುದಿಲ್ಲ. ಚೀನಾದಲ್ಲಿ ಸಮಾಜವಾದ ಇಂದಿಗೂ ಗಟ್ಟಿಯಾಗಿ ಉಳಿದಿರುವುದು ನೆಲದ ಒಡೆತನದಲ್ಲಿ ಎಂಬುದು ನನ್ನ ತಿಳಿವಳಿಕೆ.

1978ರ ಕೊನೆಯಲ್ಲಿ ಅನ್‌ಹುಯಿ ಪ್ರಾಂತದ ಶಿಯಾವ್‌ಗಾಂಗ್ ಎಂಬ ಹಳ್ಳಿಯ 18 ರೈತರು ಗುಟ್ಟಾಗಿ ಕೂಡಿ, ಸಾಮೂಹಿಕ ಜಮೀನನ್ನು ಮನೆಮನೆಗೆ ಹಂಚಿಕೊಂಡು ಉಳುವುದೆಂದು ಕಾಗದ ಬರೆದು ಹೆಬ್ಬೆಟ್ಟು ಒತ್ತಿದ ಕಥೆ ಇಲ್ಲಿನ ಶಾಲಾ ಮಕ್ಕಳಿಗೂ ಗೊತ್ತು. ಕೆಲವೇ ವರ್ಷಗಳಲ್ಲಿ ಇಡೀ ದೇಶ ಆ ದಾರಿ ಹಿಡಿಯಿತು, ಸಾಮೂಹಿಕ ಬೇಸಾಯದ ಕಮ್ಯೂನುಗಳು ಕಣ್ಮರೆಯಾದವು. ಆದರೆ ಆ ರೈತರಿಗೆ ಸಿಕ್ಕಿದ್ದು ಉಳುವ ಹಕ್ಕು ಮಾತ್ರ. ನಗರದ ನೆಲ ಸರ್ಕಾರದ್ದು, ಹಳ್ಳಿಯ ನೆಲ ಹಳ್ಳಿಯ ಸಮೂಹದ್ದು ಎಂದು 1982ರ ಸಂವಿಧಾನದ 10ನೇ ವಿಧಿ ಹೇಳುತ್ತದೆ. ಗುತ್ತಿಗೆಯ ಅವಧಿ ಮೊದಲು 15 ವರ್ಷ, ಆಮೇಲೆ 30 ವರ್ಷ. 2017ರಲ್ಲಿ ಮತ್ತೆ 30 ವರ್ಷ ವಿಸ್ತರಿಸುವುದಾಗಿ ಘೋಷಿಸಿದರು.

ಆ ಹಳ್ಳಿಯ ರೈತರು ಹೆಬ್ಬೆಟ್ಟು ಒತ್ತುವುದಕ್ಕೆ ನಾಲ್ಕು ವರ್ಷ ಮೊದಲೇ, 1974ರಲ್ಲಿ, ದೇವರಾಜ ಅರಸರ ಸರ್ಕಾರ ನಮ್ಮಲ್ಲಿ ಭೂಸುಧಾರಣಾ ಕಾಯ್ದೆಯನ್ನು ತಿದ್ದುಪಡಿ ಮಾಡಿತ್ತು. ಗೇಣಿದಾರನಾಗಿದ್ದ ನನ್ನ ತಾತ, ಉಳುವ ನೆಲದ ಒಡೆತನ ಕೋರುವ ಅರ್ಜಿಯಾದ ಫಾರಂ 7 ತುಂಬಿ, ಭೂ ನ್ಯಾಯಮಂಡಳಿಯ ಮುಂದೆ ವರ್ಷಗಟ್ಟಲೆ ಅಲೆದು, ಮೂರು ಎಕರೆ ಚಿಲ್ಲರೆ ಜಮೀನನ್ನು ತನ್ನ ಹೆಸರಿಗೆ ಪಡೆದರು. ಪಹಣಿಯಲ್ಲಿ ಹೆಸರು ಬಂದ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರೆಂದು ಅಜ್ಜಿ ಹೇಳುತ್ತಿದ್ದರು. ಒಂದೇ ದಶಕದಲ್ಲಿ ಎರಡು ಕಡೆಯ ಉಳುವವರ ಕೈಗೂ ನೆಲ ಬಂತು, ಆದರೆ ಒಬ್ಬನಿಗೆ ಮಾರಬಹುದಾದ ಆಸ್ತಿಯಾಗಿ, ಇನ್ನೊಬ್ಬನಿಗೆ ಮಾರಲಾಗದ ಪಾಲಾಗಿ. ಮುಂದಿನ ಐವತ್ತು ವರ್ಷಗಳ ಅಂತರವೆಲ್ಲ ಇಲ್ಲಿಂದಲೇ ಹುಟ್ಟಿದ್ದು ಎಂದು ನನಗೆ ತೋರುತ್ತದೆ.

ಮಾರಲಾಗದ ನೆಲದ ಮೇಲೆ ಕಾರ್ಖಾನೆ ಹೇಗೆ ಎದ್ದಿತು? ಹಳ್ಳಿಯೇ ಕಾರ್ಖಾನೆ ಕಟ್ಟಿತು. ಇಂದು ಜಗತ್ತಿಗೇ ಏರ್ ಕಂಡಿಷನರ್ ಮಾರುವ ಮಿಡಿಯಾ ಕಂಪನಿ, 1968ರಲ್ಲಿ ಇದೇ ಶುಂಡೆಯ ಬೇಜಿಯಾವ್‌ನಲ್ಲಿ ಹೆ ಶಿಯಾಂಗ್‌ಜಿಯಾನ್ ಅವರು 23 ಜನ ನಿವಾಸಿಗಳನ್ನು ಕೂಡಿಸಿ, 5,000 ಯುವಾನ್ ಒಟ್ಟುಮಾಡಿ ಆರಂಭಿಸಿದ ಬಾಟಲಿ ಮುಚ್ಚಳದ ಕಾರ್ಯಾಗಾರವಾಗಿತ್ತು. 1980ರಲ್ಲಿ ಅದು ಫ್ಯಾನು ಮಾಡಲು ಹಿಡಿಯಿತು. 1993ರಲ್ಲಿ ಶೆನ್‌ಜೆನ್ ಷೇರುಪೇಟೆ ಸೇರಿತು. ದೇಶದಾದ್ಯಂತ ಇಂಥ ಗ್ರಾಮೋದ್ಯಮಗಳಲ್ಲಿ ದುಡಿಯುತ್ತಿದ್ದವರು 1978ರಲ್ಲಿ ಸುಮಾರು 2.8 ಕೋಟಿ ಇದ್ದದ್ದು 1996ಕ್ಕೆ ಸುಮಾರು 13.5 ಕೋಟಿಯಾಯಿತು. ಇದು ತಾವು ನಿರೀಕ್ಷಿಸಿದ್ದೇ ಅಲ್ಲ ಎಂದು ಚೀನಾದ ಅಂದಿನ ಪರಮೋಚ್ಚ ನಾಯಕ ಡೆಂಗ್ ಶಿಯಾವೊಪಿಂಗ್ 1987ರಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಹಳ್ಳಿಯ ಸಮೂಹದ ಬಳಿ ನೆಲವಿತ್ತು, ಆ ನೆಲವನ್ನು ಹೊರಗಿನವನು ಬಂದು ಕೊಂಡುಬಿಡುವ ಭಯ ಇರಲಿಲ್ಲ. ಬಂಡವಾಳವಿಲ್ಲದ ಜನರಿಗೆ ಅದೇ ಬಂಡವಾಳವಾಯಿತು.

ಪಕ್ಕದ ನಾನ್‌ಹಾಯ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1992ರ ಸುಮಾರಿಗೆ ಅಲ್ಲಿನ ಹಳ್ಳಿಗಳು ಮನೆಮನೆಗೆ ಹಂಚಿದ್ದ ತುಂಡು ಜಮೀನುಗಳನ್ನು ಮತ್ತೆ ಒಟ್ಟುಗೂಡಿಸಿ, ಷೇರು ಸಹಕಾರ ಸಂಘಗಳನ್ನು ಮಾಡಿಕೊಂಡವು. ಸಂಘ ನೆಲವನ್ನು ಮಾರುವುದಿಲ್ಲ. ಕಾರ್ಖಾನೆಗಳಿಗೆ ಬಾಡಿಗೆಗೆ ಕೊಟ್ಟು, ಬಂದ ಹಣವನ್ನು ಷೇರುದಾರ ಗ್ರಾಮಸ್ಥರಿಗೆ ಲಾಭಾಂಶವಾಗಿ ಹಂಚುತ್ತದೆ. ಮೊದಲ ಎರಡು ವರ್ಷ ನಾನು ಬಾಡಿಗೆಗಿದ್ದ ಮನೆಯ ಒಡತಿ ಅಂಥ ಷೇರುದಾರರು. ಅವರಿಗೆ ಹೊಲದ ಕೆಲಸ ಬಿಟ್ಟುಹೋಗಿ ದಶಕಗಳಾಗಿವೆ. ಆದರೂ ಪ್ರತಿವರ್ಷ ಹಳ್ಳಿಯ ಸಂಘದಿಂದ ಹಣ ಬರುತ್ತಿತ್ತು, ಬಾಡಿಗೆ ಏರಿದಂತೆ ಅದೂ ಏರುತ್ತಿತ್ತು. ನಾನು ಚೀನಾದಲ್ಲಿ ಕಂಡದ್ದರಲ್ಲಿ ಸಮಾಜವಾದ ಎಂಬ ಮಾತಿಗೆ ಅತಿ ಹತ್ತಿರವಾದದ್ದು ಯಾವುದೆಂದು ಕೇಳಿದರೆ, ಆ ಒಡತಿಯ ಷೇರನ್ನು ತೋರಿಸುತ್ತೇನೆ.

ಆದರೆ ಅದೇ ಮನೆಯಲ್ಲಿ ಅದರ ಇನ್ನೊಂದು ಮುಖವನ್ನೂ ಕಂಡೆ. ಒಡತಿಯ ಮಗಳು ಹೊರಗಿನವರನ್ನು ಮದುವೆಯಾದ ಮೇಲೆ ಆಕೆಯ ಷೇರನ್ನು ಹಳ್ಳಿ ಕಿತ್ತುಕೊಂಡಿತ್ತು. ನಾನ್‌ಹಾಯ್‌ನಲ್ಲಿ ಇಂಥ ಹೆಣ್ಣುಮಕ್ಕಳು ಬಹಳ ಮಂದಿ. ವರ್ಷಗಟ್ಟಲೆ ನ್ಯಾಯಾಲಯ ಮತ್ತು ಸರ್ಕಾರಿ ಕಚೇರಿಗಳಿಗೆ ಅಲೆದವರಿದ್ದಾರೆ. ಕರ್ನಾಟಕ 1994ರಲ್ಲೇ, ಕೇಂದ್ರದ 2005ರ ತಿದ್ದುಪಡಿಗೆ ಹನ್ನೊಂದು ವರ್ಷ ಮೊದಲು, ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿತು. ಆ ಕಾಯ್ದೆ ಹಳ್ಳಿಗಳಲ್ಲಿ ಎಷ್ಟು ಜಾರಿಯಾಗಿದೆ ಎಂಬುದು ಬೇರೆ ಮಾತು. ಹಕ್ಕು ವ್ಯಕ್ತಿಯ ಹೆಸರಿನಲ್ಲಿದ್ದರೆ ಅದನ್ನು ಕೇಳಲು ಒಂದು ಜಾಗವಾದರೂ ಇರುತ್ತದೆ. ಹಕ್ಕು ಸಮೂಹದ್ದಾದಾಗ, ಸಮೂಹದೊಳಗೆ ಯಾರು ಸೇರುತ್ತಾರೆ ಎಂಬುದನ್ನು ಬಲವಿದ್ದವರೇ ತೀರ್ಮಾನಿಸುತ್ತಾರೆ.

ಸಮೂಹಕ್ಕಿಂತ ದೊಡ್ಡ ಬಲ ಸರ್ಕಾರದ್ದು. 1987ರ ಡಿಸೆಂಬರ್ 1ರಂದು ಶೆನ್‌ಜೆನ್‌ನಲ್ಲಿ ನೆಲ ಬಳಸುವ ಹಕ್ಕನ್ನು ಮೊದಲ ಬಾರಿ ಬಹಿರಂಗ ಹರಾಜಿಗಿಟ್ಟರು; ಅದಕ್ಕೆ ಅವಕಾಶ ಕೊಡುವ ಸಂವಿಧಾನ ತಿದ್ದುಪಡಿ ಬಂದದ್ದು ಮರುವರ್ಷ. 1994ರ ತೆರಿಗೆ ಸುಧಾರಣೆಯಲ್ಲಿ ಆದಾಯದ ದೊಡ್ಡ ಪಾಲು ಕೇಂದ್ರಕ್ಕೆ ಹೋದ ಮೇಲೆ, ಸ್ಥಳೀಯ ಸರ್ಕಾರಗಳು ಕ್ರಮೇಣ ಈ ಹರಾಜನ್ನೇ ನೆಚ್ಚಿಕೊಂಡವು. ಹಳ್ಳಿಯ ನೆಲವನ್ನು ವಶಪಡಿಸಿಕೊಂಡು, ಸರ್ಕಾರದ ನೆಲವಾಗಿ ಪರಿವರ್ತಿಸಿ, ಬಿಲ್ಡರುಗಳಿಗೆ ಹಲವು ಪಟ್ಟು ಬೆಲೆಗೆ ಕೊಡುವುದು ಪದ್ಧತಿಯಾಯಿತು. ರೈತನಿಗೆ ಸಿಗುವ ಪರಿಹಾರ ಆ ಹೊಲದ ವಾರ್ಷಿಕ ಉತ್ಪನ್ನದ 30 ಪಟ್ಟು ಮೀರಬಾರದೆಂಬ ನಿಯಮ 2019ರ ತಿದ್ದುಪಡಿಯವರೆಗೂ ಇತ್ತು. ಭತ್ತದ ಲೆಕ್ಕದಲ್ಲಿ ಕೊಂಡು, ಅಪಾರ್ಟ್‌ಮೆಂಟಿನ ಲೆಕ್ಕದಲ್ಲಿ ಮಾರಿದ್ದು. ಈ ಆದಾಯ 2021ರಲ್ಲಿ ಸುಮಾರು 8.7 ಲಕ್ಷ ಕೋಟಿ ಯುವಾನ್ ಮುಟ್ಟಿ, ಕಟ್ಟಡ ಕಂಪನಿಗಳು ಕುಸಿದ ಮೇಲೆ 2024ರಲ್ಲಿ ಸುಮಾರು 4.9 ಲಕ್ಷ ಕೋಟಿಗೆ ಇಳಿಯಿತು. ಇಲ್ಲಿನ ನಗರಸಭೆಗಳ ಇಂದಿನ ಸಾಲದ ಸಂಕಟಕ್ಕೆ ಇದು ಮುಖ್ಯ ಕಾರಣ.

ಇದೇ ಗುವಾಂಗ್‌ಡಾಂಗಿನ ವುಕಾನ್ ಎಂಬ ಹಳ್ಳಿಯ ಜನ, ತಮ್ಮ ನೆಲವನ್ನು ಗ್ರಾಮಾಧಿಕಾರಿಗಳು ಮಾರಿಕೊಂಡರೆಂದು 2011ರಲ್ಲಿ ತಿರುಗಿಬಿದ್ದರು. 2012ರ ಮಾರ್ಚ್‌ನಲ್ಲಿ ಚುನಾವಣೆ ನಡೆದು ಹೋರಾಟದ ನಾಯಕ ಲಿನ್ ಜುಲುವಾನ್ ಮುಖ್ಯಸ್ಥರಾದರು. 2016ರಲ್ಲಿ ಅದೇ ವ್ಯಕ್ತಿ ಲಂಚದ ಆರೋಪದ ಮೇಲೆ ಜೈಲು ಸೇರಿದರು. ನಮ್ಮ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆ ಕೊಡುವುದಿಲ್ಲವೆಂದು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತು, 2025ರ ಜುಲೈನಲ್ಲಿ ಸ್ವಾಧೀನವನ್ನು ಕೈಬಿಟ್ಟಿದ್ದೇವೆಂಬ ಮಾತನ್ನು ಮುಖ್ಯಮಂತ್ರಿಯ ಬಾಯಿಂದಲೇ ಕೇಳಿದರು. ಆ ಸುದ್ದಿಯನ್ನು ಇಲ್ಲಿ ಕೂತು ಓದಿದ ದಿನ ನನಗಾದ ಹೆಮ್ಮೆಯನ್ನು ಬರೆಯದಿದ್ದರೆ ಈ ಹೋಲಿಕೆ ಸುಳ್ಳಾಗುತ್ತದೆ. ಒಲ್ಲೆ ಎನ್ನುವ ಹಕ್ಕು ನಮ್ಮ ರೈತನಿಗಿದೆ.

ಆದರೆ ಒಪ್ಪಿದವನ ಗತಿಯೇನು? ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ಆರಂಭವಾಗುವ ಮೊದಲೇ ನಮ್ಮ ದೊಡ್ಡಪ್ಪ ತಮ್ಮ ಪಾಲಿನ ಜಮೀನನ್ನು ದಲ್ಲಾಳಿಯೊಬ್ಬನ ಮಾತು ಕೇಳಿ ಮಾರಿದರು. ಬಂದ ಹಣ ಮಗಳ ಮದುವೆಗೆ, ಮನೆಗೆ, ಒಂದು ಕಾರಿಗೆ ಆಯಿತು. ಅದೇ ಜಮೀನು ಆಮೇಲೆ ಮೂರು ಕೈ ಬದಲಾಗಿ ಬಡಾವಣೆಯಾಗಿದೆ. ದೊಡ್ಡಪ್ಪನ ಮಗ ಅದರ ಗೇಟಿನಲ್ಲಿ ಕಾವಲು ಕೆಲಸಕ್ಕಿದ್ದಾನೆ. ಯಾರೂ ಬಲವಂತ ಮಾಡಲಿಲ್ಲ, ಕಾಗದಪತ್ರವೆಲ್ಲ ಸರಿಯಾಗಿತ್ತು. ಏರಿದ ಬೆಲೆಯಲ್ಲಿ ಅವರಿಗೆ ಪಾಲು ಮಾತ್ರ ಇರಲಿಲ್ಲ. ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದೆಂದು 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದ ಮೇಲೆ ಇಂಥ ಮಾರಾಟ ಇನ್ನೂ ಸಲೀಸಾಗಿದೆ. ನಾನ್‌ಹಾಯ್‌ನ ಒಡತಿಯನ್ನೂ ದೊಡ್ಡಪ್ಪನನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ, ಮಾರುವ ಸ್ವಾತಂತ್ರ್ಯವೇ ರೈತನ ಬಿಡುಗಡೆ ಎಂಬ ವಾದವನ್ನು ನಾನು ಒಪ್ಪಲಾರೆ.

ಹಾಗೆಂದು ನಾನ್‌ಹಾಯ್‌ನ ಸುಖವೂ ಪೂರ್ತಿ ಅವರದ್ದಲ್ಲ. ನಮ್ಮ ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡುವಾಕೆ ಗುವಾಂಗ್‌ಶಿಯ ಯಿಜೌ ಕಡೆಯವರು. ಕರಾವಳಿಯಲ್ಲಿ ಕೂಲಿ, ನೆಲ ಎರಡೂ ದುಬಾರಿಯಾದಾಗ ಚೀನಾ ಸರ್ಕಾರ 2006ರಲ್ಲಿ ರೇಷ್ಮೆಯನ್ನು ಪೂರ್ವದಿಂದ ಪಶ್ಚಿಮಕ್ಕೆ ಸಾಗಿಸುವ ಯೋಜನೆ ಹಾಕಿತು. ಇಂದು ಆ ದೇಶದಲ್ಲಿ ಅತಿ ಹೆಚ್ಚು ಗೂಡು ಬೆಳೆಯುವುದು ಗುವಾಂಗ್‌ಶಿ. ಆಕೆಯ ತಾಯಿ ಅಲ್ಲಿ ಹುಳು ಸಾಕುತ್ತಾರೆ. 2011ರಲ್ಲಿ ನಮ್ಮ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಲ್ಲಿ ಗೂಡಿನ ದರ ಬಿದ್ದದ್ದು ಇಂಥ ಮನೆಗಳ ನೂಲಿನಿಂದಲೇ ಎಂದು ಆಕೆಗೆ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, ತನ್ನ ತಾಯಿಗೂ ಹೆಚ್ಚೇನೂ ಉಳಿಯುವುದಿಲ್ಲ ಎಂದರು. ಆಕೆಯ ಹುಕೌ, ಅಂದರೆ ಮನೆತನದ ನೋಂದಣಿ, ಇನ್ನೂ ಹಳ್ಳಿಯಲ್ಲೇ ಇದೆ. ಮಗನನ್ನು ಇಲ್ಲಿನ ಸರ್ಕಾರಿ ಶಾಲೆಗೆ ಸೇರಿಸಲು ವಲಸೆ ಬಂದ ಪೋಷಕರ ಅರ್ಹತೆಗಳಿಗೆ ಅಂಕ ಕೊಡುವ ಪದ್ಧತಿಯಲ್ಲಿ ಆಕೆಗೆ ಸಾಕಷ್ಟು ಅಂಕ ಸಿಗದೆ, ಹುಡುಗ ಅಜ್ಜಿಯ ಬಳಿ ಬೆಳೆಯುತ್ತಿದ್ದಾನೆ. ನಾನ್‌ಹಾಯ್‌ನ ಲಾಭಾಂಶ ಏರಿದ್ದು ಇಂಥವರ ದುಡಿಮೆಯಿಂದ, ಆದರೆ ಅದರಲ್ಲಿ ಇವರಿಗೆ ಕಾಸಿನ ಪಾಲಿಲ್ಲ. ಬಿಹಾರದಿಂದ ಬೆಂಗಳೂರಿಗೆ ಬಂದ ಕೂಲಿಯವನ ಬದುಕು ಕಷ್ಟದ್ದೇ, ಆದರೂ ಅವನ ಮಗುವನ್ನು ನಮ್ಮ ಸರ್ಕಾರಿ ಶಾಲೆ ಯಾವ ಊರಿನದೆಂದು ಕೇಳಿ ಹಿಂದಕ್ಕೆ ಕಳಿಸುವಂತಿಲ್ಲ.

ತಾತ ಗೆದ್ದ ಜಮೀನಿನಲ್ಲಿ ಇನ್ನೂ ಒಂದು ಎಕರೆ ಇಪ್ಪತ್ತು ಗುಂಟೆ ಉಳಿದಿದೆ. ಗೋದಾಮು ಕಟ್ಟುವವರು ಒಳ್ಳೆಯ ಬೆಲೆ ಹೇಳಿದ್ದಾರೆಂದು ಅಣ್ಣ ಕಳೆದ ತಿಂಗಳು ಫೋನು ಮಾಡಿ, ಸಹಿ ಹಾಕಲು ಬಾ ಎಂದ. ಮಾರುವುದು ಬೇಡ, ಅವರಿಗೆ ಬೇಕಾದರೆ ಗುತ್ತಿಗೆಗೆ ಕೊಡೋಣ, ಮೂರು ವರ್ಷಕ್ಕೊಮ್ಮೆ ಬಾಡಿಗೆ ಏರುವಂತೆ ಕರಾರು ಬರೆಸೋಣ, ಬಂದದ್ದರಲ್ಲಿ ತಂಗಿಗೂ ಸಮಪಾಲು ಇರಲಿ ಎಂದು ಹೇಳಿದ್ದೇನೆ. ಅಣ್ಣ ಇನ್ನೂ ಒಪ್ಪಿಲ್ಲ. ತಂಗಿ ಒಪ್ಪಿದ್ದಾಳೆ; ಕಾನೂನಿನ ಪ್ರಕಾರ ಅವಳ ಸಹಿಯೂ ಬೇಕು.