ಪಾತ್ರಕ್ಕೂ ವಯಸ್ಸಾಗಲಿ

2007ರ ಕೊನೆಗೆ ಲಂಡನ್ನಿಗೆ ಬಂದಾಗ ಒಂದು ಮನೆಯ ಮಹಡಿಯಲ್ಲಿ ನನಗೆ ಬಾಡಿಗೆ ರೂಮು ಸಿಕ್ಕಿತ್ತು. ಕೆಳಗೆ ಮನೆಯೊಡತಿ ಒಬ್ಬರೇ. ಎಪ್ಪತ್ತು ದಾಟಿದ ಹೆಂಗಸು. ವಾರಕ್ಕೆ ನಾಲ್ಕು ಸಂಜೆ ಬಿಬಿಸಿಯಲ್ಲಿ ‘ಈಸ್ಟ್‌ಎಂಡರ್ಸ್’ ಧಾರಾವಾಹಿ ಬರುತ್ತಿತ್ತು. ಆ ಅರ್ಧ ಗಂಟೆ ಫೋನ್ ಬಂದರೂ ಅವರು ಎತ್ತುತ್ತಿರಲಿಲ್ಲ. ಮೈಸೂರಿನಲ್ಲಿ ನಮ್ಮಮ್ಮನೂ ಹಾಗೇ. ಹಾಗಾಗಿ ಆ ಮನೆಯಲ್ಲಿ ನನಗೆ ಮೊದಲು ಹತ್ತಿರವಾದದ್ದು ಆ ಟಿ.ವಿ. ಕೋಣೆಯೇ.

2008ರ ಜನವರಿ 31, ಗುರುವಾರ. ಆ ಸಂಜೆ ಅವರೇ ನನ್ನನ್ನು ಕೆಳಗೆ ಕರೆದರು. ಇವತ್ತು ಡಾಟ್ ಒಬ್ಬಳೇ ಬರ್ತಾಳೆ, ಬಾ ಕೂತ್ಕೋ ಅಂದರು. ಡಾಟ್ ಅಂದರೆ ಡಾಟ್ ಕಾಟನ್. ಲಾಂಡ್ರೆಟ್‌ನಲ್ಲಿ ಕೆಲಸ ಮಾಡುವ, ಬಾಯಿ ತೆರೆದರೆ ಬೈಬಲ್ ಮಾತು ಹೇಳುವ, ಸಿಗರೇಟು ಮಾತ್ರ ಬಿಡದ ಮುದುಕಿ. ಅವಳ ಗಂಡ ಜಿಮ್‌ಗೆ ಸ್ಟ್ರೋಕ್ ಆಗಿ ಆಸ್ಪತ್ರೆಯಲ್ಲಿದ್ದಾನೆ. ಇವಳು ಕ್ಯಾಸೆಟ್ ರೆಕಾರ್ಡರ್ ಮುಂದಿಟ್ಟುಕೊಂಡು ಅವನಿಗೆ ಹೇಳಬೇಕಾದ್ದನ್ನೆಲ್ಲ ಅದರಲ್ಲಿ ತುಂಬಿಸುತ್ತಾಳೆ. ನಿನ್ನನ್ನು ಮನೆಗೆ ಕರೆದುಕೊಂಡು ಬಂದು ನೋಡಿಕೊಳ್ಳೋ ಶಕ್ತಿ ನನಗಿದೆಯಾ ಅನ್ನುವುದು ಅವಳ ಸಂಕಟ. ಅರ್ಧ ಗಂಟೆ ತೆರೆಯ ಮೇಲೆ ಅವಳೊಬ್ಬಳೇ. ನಡುವೆ ಮಾತು ನಿಲ್ಲಿಸುತ್ತಾಳೆ. ರೆಕಾರ್ಡರ್ ತಿರುಗುತ್ತಲೇ ಇರುತ್ತದೆ. ಲಂಡನ್ನಿನ ಆ ಭಾಗದ ಇಂಗ್ಲಿಷ್ ನನಗೆ ಆಗ ಅರ್ಧಕ್ಕರ್ಧ ಅರ್ಥವಾಗುತ್ತಿರಲಿಲ್ಲ. ಆದರೂ ಕುರ್ಚಿ ಬಿಟ್ಟು ಏಳಲಾಗಲಿಲ್ಲ.

ಆ ಪಾತ್ರ ಮಾಡಿದವರು ಜೂನ್ ಬ್ರೌನ್. ಅವತ್ತಿಗೆ ಅವರಿಗೆ 81 ತುಂಬಲು ಎರಡು ವಾರ ಬಾಕಿ. ಮರುವರ್ಷ ಆ ಒಂದು ಸಂಚಿಕೆಗಾಗಿ ಬ್ರಿಟನ್ನಿನ ದೊಡ್ಡ ಪ್ರಶಸ್ತಿ ಬಾಫ್ಟಾದ ಅತ್ಯುತ್ತಮ ನಟಿ ವಿಭಾಗಕ್ಕೆ ಅವರ ಹೆಸರು ಹೋಯಿತು. ಪ್ರಶಸ್ತಿ ಬರಲಿಲ್ಲ ಅನ್ನೋದು ಬೇರೆ ಮಾತು. ಸಿನಿಮಾ ಇಲ್ಲ, ನಾಯಕಿ ಪಾತ್ರ ಇಲ್ಲ. ಧಾರಾವಾಹಿಯ ಒಬ್ಬ ಪೋಷಕ ನಟಿಗೆ ಇಷ್ಟು ಮರ್ಯಾದೆ ಸಿಗಬಹುದು ಅಂತ ನಾನು ಅಂದುಕೊಂಡೇ ಇರಲಿಲ್ಲ.

ಆಮೇಲೆ ಮನೆಯೊಡತಿ ಹೇಳಿದ ಒಂದು ವಿಷಯ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಸ್ಟ್ರೋಕ್ ಆಗಿದ್ದು ಬರೀ ಕತೆಯಲ್ಲಿ ಅಲ್ಲ. ಜಿಮ್ ಪಾತ್ರದ ನಟ ಜಾನ್ ಬಾರ್ಡನ್ ಅವರಿಗೆ 2007ರಲ್ಲಿ ನಿಜವಾಗಿಯೂ ಸ್ಟ್ರೋಕ್ ಹೊಡೆದಿತ್ತು. ಬರೆಯುವವರು ಅವರ ಜಾಗಕ್ಕೆ ಇನ್ನೊಬ್ಬರನ್ನು ತರಲಿಲ್ಲ. ಕಾಯಿಲೆಯನ್ನೇ ಕತೆಯೊಳಗೆ ತೆಗೆದುಕೊಂಡರು. ಮುಂದೆ ಬಾರ್ಡನ್ ತೊದಲುವ ಮಾತಿನಲ್ಲೇ ಮತ್ತೆ ಕ್ಯಾಮೆರಾ ಮುಂದೆ ಬಂದರು. ಜೂನ್ ಬ್ರೌನ್ ಅವರದೂ ಹಾಗೇ ಆಯಿತು. ವಯಸ್ಸಾದ ಮೇಲೆ ಅವರ ಕಣ್ಣು ಮಂಜಾಗುತ್ತಾ ಬಂತು. 2016ರ ಹೊತ್ತಿಗೆ ಡಾಟ್‌ಗೂ ಅದೇ ಕಣ್ಣಿನ ಕಾಯಿಲೆ ಬಂತು.

ನಮ್ಮಲ್ಲಿ ಏನಾಗುತ್ತೆ? ನಟನಿಗೆ ಹುಷಾರಿಲ್ಲ, ಕಾಲ್‌ಶೀಟ್ ಹೊಂದಲಿಲ್ಲ, ಏನೋ ಮಾತು ಬಂತು ಅಂದರೆ ಆ ಅಜ್ಜ ಕಾಶಿಗೆ ಹೋಗುತ್ತಾರೆ. ಚಿಕ್ಕಪ್ಪ ಅಮೆರಿಕಕ್ಕೆ ಹೋಗುತ್ತಾರೆ. ಇಲ್ಲವೇ ಒಂದು ಸಂಜೆ ಅದೇ ಸೀರೆ, ಅದೇ ಹೆಸರು, ಮುಖ ಮಾತ್ರ ಬೇರೆ. ‘ಇನ್ನು ಮುಂದೆ ಈ ಪಾತ್ರದಲ್ಲಿ’ ಅಂತ ಒಂದು ಸಾಲು ತೆರೆಯ ಕೆಳಗೆ ಬಂದರೆ ಅದೇ ಜಾಸ್ತಿ. ನೋಡುವವರು ಎರಡು ದಿನ ಗೊಣಗಿ ಒಗ್ಗಿಕೊಳ್ಳುತ್ತಾರೆ. ಹೋದವರನ್ನು ಯಾರೂ ವಿಚಾರಿಸುವುದಿಲ್ಲ. ಇದು ನನಗೆ ಬಹಳ ಬೇಸರ ತರುವ ವಿಷಯ.

ಎರಡೂ ಕಡೆಯ ಕೆಲಸದ ರೀತಿ ಬೇರೆ, ಒಪ್ಪುತ್ತೇನೆ. ‘ಈಸ್ಟ್‌ಎಂಡರ್ಸ್’ ಶುರುವಾಗಿದ್ದು 1985ರಲ್ಲಿ. ಮ್ಯಾಂಚೆಸ್ಟರ್ ಕಡೆಯ ‘ಕೊರೊನೇಷನ್ ಸ್ಟ್ರೀಟ್’ ಇನ್ನೂ ಹಳೆಯದು, 1960ರ ಡಿಸೆಂಬರ್ 9ರಿಂದ ನಡೆಯುತ್ತಿದೆ. ಅದರ ಮೊದಲ ಸಂಚಿಕೆಯಲ್ಲಿ ಕಾಲೇಜು ಹುಡುಗನಾಗಿ ಬಂದ ವಿಲಿಯಂ ರೋಚ್ ಅರವತ್ತು ವರ್ಷ ದಾಟಿದ ಮೇಲೂ ಅದೇ ಕೆನ್ ಬಾರ್ಲೋ. ಆ ಧಾರಾವಾಹಿಗಳಲ್ಲಿ ಒಂದು ಬೀದಿ ಇರುತ್ತದೆ, ಬೀದಿಯ ಜನ ಬರುತ್ತಾರೆ, ಹೋಗುತ್ತಾರೆ, ಬೀದಿ ಉಳಿಯುತ್ತದೆ. ನಮ್ಮಲ್ಲಿ ಒಂದು ಮನೆ, ಒಂದು ಮದುವೆ, ಒಬ್ಬಳು ಸೊಸೆ. ಅವಳ ಕತೆ ಮುಗಿದರೆ ಧಾರಾವಾಹಿಯೂ ಮುಗಿಯಿತು. ಟಿಆರ್‌ಪಿ ಬಿದ್ದರೆ ಅದಕ್ಕೂ ಮುಂಚೆಯೇ. ಐದಾರು ವರ್ಷ ಓಡಿತು ಅಂದರೆ ನಮ್ಮಲ್ಲಿ ಬಹಳ ದೊಡ್ಡ ಮಾತು.

ಅಷ್ಟು ಓಡಿದಾಗ ಏನಾಗುತ್ತದೆ ಅನ್ನೋದನ್ನೂ ನಾವು ನೋಡಿದ್ದೇವೆ, ಅಲ್ವಾ? 2012ರಲ್ಲಿ ಶುರುವಾದ ‘ಪುಟ್ಟಗೌರಿ ಮದುವೆ’ಯಲ್ಲಿ ಚಂದ್ರಕಲಾ ಮೋಹನ್ ಅಜ್ಜಮ್ಮನಾಗಿ ಬಂದರು. ಪುಟ್ಟ ಗೌರಿ ಬೆಳೆದು ದೊಡ್ಡವಳಾದಳು, ಆ ಪಾತ್ರಕ್ಕೆ ಬೇರೆ ನಟಿ ಬಂದರು. ಅಜ್ಜಮ್ಮ ಮಾತ್ರ ಅವರೇ. ನಮ್ಮಮ್ಮನಿಗೆ ಇವತ್ತಿಗೂ ಚಂದ್ರಕಲಾ ಅಂದರೆ ತಕ್ಷಣ ಹೊಳೆಯುವುದಿಲ್ಲ, ಅಜ್ಜಮ್ಮ ಅನ್ನಬೇಕು. ಒಬ್ಬ ಪೋಷಕ ನಟಿ ಕೆಲವೇ ವರ್ಷಗಳಲ್ಲಿ ಇಷ್ಟು ಮಾಡಿದರೆ, ಮೂವತ್ತು ವರ್ಷ ಕೊಟ್ಟರೆ ಏನು ಮಾಡಬಹುದಿತ್ತು!

ನಮ್ಮ ರೀತಿಯಲ್ಲೂ ಒಂದು ಒಳ್ಳೆಯದಿದೆ. ನಮ್ಮ ನಟರು ಒಂದೇ ಪಾತ್ರಕ್ಕೆ ಕಟ್ಟುಬೀಳುವುದಿಲ್ಲ. ಉಮಾಶ್ರೀಯವರನ್ನೇ ನೋಡಿ. ‘ಒಡಲಾಳ’ ನಾಟಕದ ಸಾಕವ್ವ ಅವರೇ. 1984ರ ‘ಅನುಭವ’ ಸಿನಿಮಾದಲ್ಲಿದ್ದವರೂ ಅವರೇ. ಆಮೇಲೆ ಎಷ್ಟೊಂದು ಹಾಸ್ಯ ಪಾತ್ರಗಳು. ‘ಗುಲಾಬಿ ಟಾಕೀಸು’ವಿಗೆ ರಾಷ್ಟ್ರಪ್ರಶಸ್ತಿ ಬಂತು. ಶಾಸಕಿಯಾದರು, ಮಂತ್ರಿಯಾದರು. 2021ರ ಡಿಸೆಂಬರ್‌ನಲ್ಲಿ ‘ಪುಟ್ಟಕ್ಕನ ಮಕ್ಕಳು’ ಶುರುವಾದಾಗ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುವ ತಾಯಿಯಾಗಿ ಮನೆಮನೆಗೆ ಬಂದರು. ಈ ಹರವು ಡಾಟ್ ಪಾತ್ರದಲ್ಲಿ ಇಲ್ಲ. ಬ್ರಿಟನ್ನಿನ ನಟರೂ ರಂಗಭೂಮಿಗೆ ಹೋಗಿ ಬರುವುದುಂಟು, ಜೂನ್ ಬ್ರೌನ್ ಕೂಡ ಹೋಗಿದ್ದರು. ಆದರೆ ರಸ್ತೆಯಲ್ಲಿ ಜನ ಅವರನ್ನು ಡಾಟ್ ಅಂತಲೇ ಕೂಗುತ್ತಿದ್ದದ್ದು.

ಆದರೆ ಉಮಾಶ್ರೀಯವರಂಥವರು ಎಷ್ಟು ಜನ? ಉಳಿದ ಪೋಷಕ ನಟಿಯರ ಪಾಡು ಬೇರೆ. ನಲವತ್ತು ದಾಟುವ ಮುಂಚೆಯೇ ಕಿವಿಯ ಪಕ್ಕ ಬಿಳಿ ಬಣ್ಣ ಹಚ್ಚಿ ಕೂರಿಸುತ್ತಾರೆ. ತನಗಿಂತ ಹತ್ತು ವರ್ಷಕ್ಕೆ ಚಿಕ್ಕವನಾದ ನಾಯಕನಿಗೆ ತಾಯಿ. ಬಾಗಿಲ ಹತ್ತಿರ ನಿಂತು ಗಾಬರಿಯಾಗಬೇಕು, ಕ್ಯಾಮೆರಾ ಮೂರು ಸಲ ಮುಖದ ಹತ್ತಿರ ಬರುತ್ತದೆ, ಅಷ್ಟೇ. ಬೆಳಗ್ಗೆ ಬರೆದ ಸೀನ್ ಮಧ್ಯಾಹ್ನ ಕೈಗೆ ಬರುತ್ತದೆ, ಪಕ್ಕದಿಂದ ಯಾರೋ ಡೈಲಾಗ್ ಪ್ರಾಂಪ್ಟ್ ಮಾಡುತ್ತಾರೆ. ಇಷ್ಟರ ನಡುವೆಯೂ ಚೆನ್ನಾಗಿ ಮಾಡುವವರನ್ನು ಕಂಡರೆ ನನಗೆ ಕೈ ಮುಗಿಯಬೇಕು ಅನ್ನಿಸುತ್ತದೆ. ನಾಟಕ ಮಾಡಿ ಪಳಗಿದವರು ಯಾರು ಅಂತ ಅವರು ಸುಮ್ನೆ ನಿಂತ ರೀತಿಯಲ್ಲೇ ಗೊತ್ತಾಗಿಬಿಡುತ್ತದೆ.

ನಮ್ಮ ವಾಹಿನಿಗಳಿಗೆ ಅರವತ್ತು ವರ್ಷ ಓಡಿಸಿ ಅಂತ ಯಾರೂ ಹೇಳಲಾರರು. ನಾನು ಕೇಳೋದು ಸಣ್ಣದು. ಕತೆಯಲ್ಲಿರುವ ಅಜ್ಜಿಗೆ ಒಂದು ಸಂಜೆ ಕೊಡಿ. ಸೊಸೆ ಬೇಡ, ವಿಲನ್ ಬೇಡ, ಗುಡುಗಿನ ಸದ್ದು ಬೇಡ. ಅವಳು ಅಡುಗೆಮನೆಯಲ್ಲಿ ಕೂತು ತನ್ನ ಮಾತು ತಾನು ಆಡಲಿ. ಮಹಾಸಂಚಿಕೆ ಅಂತ ಒಂದು ಗಂಟೆ ಮದುವೆ ಮಂಟಪ ತೋರಿಸುವವರಿಗೆ ಇಪ್ಪತ್ತೆರಡು ನಿಮಿಷ ದೊಡ್ಡದೇನಲ್ಲ. ಆ ನಟಿಗೆ ಹುಷಾರಿಲ್ಲದಿದ್ದರೆ ಪಾತ್ರಕ್ಕೂ ಹುಷಾರಿಲ್ಲದಿರಲಿ. ಮನೆಯಲ್ಲಿ ಕೂತು ನೋಡುವ ಎಷ್ಟೋ ಮುದುಕಿಯರಿಗೆ ಮಂಡಿನೋವಿದೆ, ಕಣ್ಣು ಕಾಣಿಸುವುದಿಲ್ಲ. ತೆರೆಯ ಮೇಲಿನ ಅಜ್ಜಿಗೆ ಯಾಕೆ ಏನೂ ಆಗುವುದಿಲ್ಲ?

ಜೂನ್ ಬ್ರೌನ್ 2022ರ ಏಪ್ರಿಲ್‌ನಲ್ಲಿ ತೀರಿಕೊಂಡರು, 95 ವರ್ಷ. ಅದೇ ಡಿಸೆಂಬರ್‌ನಲ್ಲಿ ಧಾರಾವಾಹಿಯಲ್ಲಿ ಡಾಟ್‌ಳ ಶವಸಂಸ್ಕಾರ ತೋರಿಸಿದರು. 80ರ ದಶಕದಲ್ಲಿ ಬಿಟ್ಟುಹೋಗಿದ್ದ ಪಾತ್ರಗಳು, ಅದೇ ನಟರು, ತಲೆ ನರೆತು ವಾಪಸು ಬಂದು ಅವಳಿಗೆ ವಿದಾಯ ಹೇಳಿದರು. ನಾನು ಆ ಬಾಡಿಗೆ ರೂಮು ಬಿಟ್ಟು ಎಷ್ಟೋ ವರ್ಷವಾಗಿತ್ತು. ಆದರೂ ಆ ಸಂಜೆ ಕೆಲಸ ಬೇಗ ಮುಗಿಸಿ ಬಂದು ನೋಡಿದೆ.

ಮರುದಿನ ಅಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಮ್ಮ ಧಾರಾವಾಹೀಲಿ ಒಬ್ರು ಅಜ್ಜ ಬರ್ತಿದ್ರು ಕಣೋ, ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕ್ಕೊಳ್ಳೋರು. ಎಷ್ಟು ದಿನ ಆಯ್ತೋ ಅವರನ್ನ ನೋಡಿ. ಊರಿಗೆ ಹೋಗಿದಾರೆ ಅಂತಾನೇ ಹೇಳ್ತಿದಾರೆ ಇನ್ನೂ. ಹುಷಾರಾಗಿದ್ದಾರೋ ಇಲ್ವೋ,” ಅಂದರು.