ಭಾಷೆಗೆ ಮೊದಲು ಬೇಕಾದದ್ದು ಹೊಲ

ಮಾರ್ಟೀನ್ ಓ ಕೈನ್ ಅನ್ನೋ ಹೆಸರು ನಮ್ಮಲ್ಲಿ ಜಾಸ್ತಿ ಜನ ಕೇಳಿರಲಿಕ್ಕಿಲ್ಲ. ಐರಿಷ್ ಭಾಷೆಯ ಕಾದಂಬರಿಕಾರರು. ನಾನೂ ಅವರನ್ನು ಓದಿದ್ದು ಇಂಗ್ಲಿಷ್ ಅನುವಾದದಲ್ಲೇ. ಆಮೇಲೆ ಅವರ ಬದುಕಿನ ಬಗ್ಗೆ ಹುಡುಕಿ ಓದುತ್ತಾ ಹೋದೆ. ಭಾಷೆ ಉಳಿಸೋದು ಅಂದರೆ ಏನು ಅಂತ ನಾನು ಅಂದುಕೊಂಡಿದ್ದೆಲ್ಲ ಅಲುಗಾಡಿತು.

ಹುಟ್ಟಿದ್ದು 1906ರಲ್ಲಿ, ಐರ್ಲೆಂಡಿನ ಪಶ್ಚಿಮ ಕರಾವಳಿಯ ಕಾನಮಾರಾ ಸೀಮೆಯಲ್ಲಿ. ಎಲ್ಲಿ ನೋಡಿದರೂ ಬಂಡೆ. ಕಡಲ ಪಾಚಿ ಹೊತ್ತು ತಂದು ಗೊಬ್ಬರ ಮಾಡಿ, ಕಲ್ಲುಗಳ ನಡುವೆ ಆಲೂಗಡ್ಡೆ ಬೆಳೆಯುವ ಜನ. ಮನೆಮಾತು ಐರಿಷ್. ಹೊಟ್ಟೆಪಾಡು ಮಾತ್ರ ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ. ಹಡಗು ಹತ್ತಿದ ಒಬ್ಬೊಬ್ಬ ಹುಡುಗನ ಜೊತೆಗೂ ಊರಿನ ಮಾತು ಅಷ್ಟಷ್ಟೇ ಕಮ್ಮಿಯಾಗುತ್ತಿತ್ತು. ಸ್ವತಂತ್ರ ಸರ್ಕಾರ ಶಾಲೆಗಳಲ್ಲಿ ಐರಿಷ್ ಕಡ್ಡಾಯ ಮಾಡಿತು, ನಿಜ. ಆದರೆ ಮನೆಯಲ್ಲಿ ಅದನ್ನೇ ಆಡುವವರು ಏನು ತಿಂದು ಬದುಕಬೇಕು?

ಶಾಲಾ ಮೇಷ್ಟ್ರಾಗಿದ್ದ ಓ ಕೈನ್ ಮತ್ತು ಗೆಳೆಯರು ಈ ಪ್ರಶ್ನೆ ಹಿಡಿದುಕೊಂಡೇ ಹೋರಾಟಕ್ಕಿಳಿದರು. 1934ರಲ್ಲಿ ಕಾನಮಾರಾದ ಜನ ಸೈಕಲ್ ತುಳಿದುಕೊಂಡು ರಾಜಧಾನಿ ಡಬ್ಲಿನ್‌ಗೇ ಹೋದರು. ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಸರ್ಕಾರದ ಮುಖ್ಯಸ್ಥ ಡಿ ವಲೇರಾ ಅವರಲ್ಲಿ ಕೇಳಿದ್ದು ಭೂಮಿ. ಮರುವರ್ಷ, 1935ರಲ್ಲಿ, 27 ಕುಟುಂಬಗಳು ಪೂರ್ವದ ಮೀತ್ ಕೌಂಟಿಯ ರಾ ಕಾರ್ನ್‌ಗೆ ಬಂದಿಳಿದವು. ಕುಟುಂಬಕ್ಕೊಂದು ಮನೆ, ಸುಮಾರು 22 ಎಕರೆ ಫಲವತ್ತಾದ ನೆಲ, ಸಾಕುಪ್ರಾಣಿ, ಬೇಸಾಯದ ಸಾಮಾನು. ಬಂಡೆ ಮೇಲೆ ಬೆಳೆದವರಿಗೆ ಗುದ್ದಲಿ ಹಾಕಿದಲ್ಲೆಲ್ಲ ಮಣ್ಣು ಸಿಕ್ಕರೆ ಹೇಗನಿಸಿರಬೇಡ!

ಬ್ರಿಟಿಷರ ವಿರುದ್ಧ ಬಂದೂಕು ಹಿಡಿದ ಐಆರ್‌ಎ ಅನ್ನೋ ಸಂಘಟನೆಯ ಸದಸ್ಯರಾಗಿದ್ದಕ್ಕೆ 1936ರಲ್ಲಿ ಓ ಕೈನ್ ಅವರ ಮೇಷ್ಟ್ರ ಕೆಲಸ ಹೋಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಕರಾ ಬಂಧನ ಶಿಬಿರಕ್ಕೆ ಹಾಕಿದರು. 1944ರವರೆಗೂ ಒಳಗೇ. ಅವರು ನಂಬಿದ ಬಂದೂಕಿನ ದಾರಿಯನ್ನು ನಾನು ಒಪ್ಪಲಾರೆ. ಅದನ್ನು ಮುಚ್ಚಿಟ್ಟು ಸುಮ್ನೆ ಹೊಗಳೋದೂ ತಪ್ಪು. ಶಿಬಿರದಲ್ಲಿ ಜೊತೆಗಿದ್ದ ಕೈದಿಗಳಿಗೆ ಅವರು ಐರಿಷ್ ಪಾಠ ಹೇಳಿಕೊಟ್ಟರು.

ಇನ್ನು ಕಾದಂಬರಿ. 'ಕ್ರೇ ನ ಕಿಲ್ಲ', ಅಂದರೆ ಸ್ಮಶಾನದ ಮಣ್ಣು. ಬದುಕಿರುವವರು ಅದರಲ್ಲಿ ಮಾತಾಡೋದೇ ಇಲ್ಲ. ಈಗಷ್ಟೇ ಹೂತ ಕಟ್ರೀನ ಅನ್ನೋ ಹೆಂಗಸಿಗೆ ಮೊದಲು ಬರುವ ಚಿಂತೆ ನೋಡಿ: ನನ್ನನ್ನು ಒಂದು ಪೌಂಡಿನ ಜಾಗದಲ್ಲಿ ಹೂತರೋ, ಅದಕ್ಕಿಂತ ಅಗ್ಗದ ಹದಿನೈದು ಶಿಲ್ಲಿಂಗಿನ ಜಾಗದಲ್ಲೋ? ಸತ್ತ ಮೇಲೂ ತಂಗಿ ನೆಲ್ ಮೇಲಿನ ಹೊಟ್ಟೆಕಿಚ್ಚು ಆರಿಲ್ಲ. ಹೊಸ ಹೆಣ ಬಂದಾಗೆಲ್ಲ ಮೇಲಿನ ಸುದ್ದಿ ಕೇಳುತ್ತಾಳೆ. ಬಾವಿಕಟ್ಟೆಯ ಜಗಳವನ್ನೇ ಎತ್ತಿ ಮಣ್ಣಿನೊಳಗೆ ಇಟ್ಟ ಹಾಗೆ. ಇಂಥ ಮಾತು ಬಾಯಲ್ಲಿ ಆಡಿ ಬೆಳೆದವರಿಂದಷ್ಟೇ ಬರುತ್ತದೆ, ಅಲ್ವಾ?

ಸರ್ಕಾರಿ ಪ್ರಕಾಶನ ಅದನ್ನು ಬೇಡ ಅಂದಿತು. 1949ರಲ್ಲಿ ಅಚ್ಚು ಹಾಕಿದ್ದು ಶಾನ್ ಓ ಹೇಗರ್ಟಿ. ಹಗಲು ಹಣಕಾಸು ಇಲಾಖೆಯ ನೌಕರಿ, ಉಳಿದ ಹೊತ್ತಿನಲ್ಲಿ ಹೆಂಡತಿಯ ಜೊತೆ ಸೇರಿ ನಡೆಸುತ್ತಿದ್ದ ಪುಟ್ಟ ಪ್ರಕಾಶನ. ಇಂಥವರ ಹೆಸರು ಲೇಖಕರ ಹೆಸರಿನ ಪಕ್ಕದಲ್ಲೇ ಇರಬೇಕು ಅಂತ ನನಗನಿಸುತ್ತದೆ. ಅವರಿಲ್ಲದಿದ್ದರೆ ಆ ಹಸ್ತಪ್ರತಿ ಯಾವ ಪೆಟ್ಟಿಗೆಯ ತಳದಲ್ಲಿ ಇರುತ್ತಿತ್ತೋ.

ಓ ಕೈನ್ ಕೊನೆಗೆ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ ಐರಿಷ್ ಪ್ರೊಫೆಸರ್ ಆದರು. 1969ರ ಒಂದು ಉಪನ್ಯಾಸದಲ್ಲಿ, ತನಗಿಂತ ಮೊದಲೇ ಸಾಯಬಹುದಾದ ಭಾಷೆಯಲ್ಲಿ ಮನಸ್ಸಿಟ್ಟು ಬರೆಯೋದು ಕಷ್ಟ ಅಂದರು. ಓದಿದಾಗ ಎದೆ ಹಿಂಡಿದಂತಾಯಿತು. ಅದೇ ಹತಾಶೆಯಿಂದ ಅದಕ್ಕಾಗಿ ಕಾದಾಡುವ ಕಿಚ್ಚೂ ಹುಟ್ಟುತ್ತದೆ ಅಂತಲೂ ಅವರೇ ಹೇಳಿದ್ದಾರೆ. ಮರುವರ್ಷ ಅಕ್ಟೋಬರಿನಲ್ಲಿ ತೀರಿಕೊಂಡರು.

ರಾ ಕಾರ್ನ್‌ನ ಹೊಸ ಹೊಲಗಳಲ್ಲಿ ಮಾತ್ರ ಜನ ಐರಿಷ್ ಬಿಡಲಿಲ್ಲ. ಅದೂ ಅಧಿಕೃತವಾಗಿ ಐರಿಷ್ ಆಡುವ ಪ್ರದೇಶ ಅಂತ ಸರ್ಕಾರ ಒಪ್ಪಿದ್ದು 1967ರಲ್ಲಿ, ಅವರು ಬಂದಿಳಿದು 32 ವರ್ಷ ಆದ ಮೇಲೆ. ಓ ಕೈನ್ ಆಗಿನ್ನೂ ಬದುಕಿದ್ದರು.