ಸ್ಪಷ್ಟನೆ: ಏಸಿಯ ಸ್ಟಾರ್ ತಂಪಿನ ಅಳತೆ ಅಲ್ಲ

"ಕಲಬುರಗಿ ಬಿಸಿಲಿಗೆ 3 ಸ್ಟಾರ್ ಏಸಿ ತಂಪು ಕೊಡಲ್ಲ, ಹಳೇದು ತೆಗೆದು 5 ಸ್ಟಾರೇ ಹಾಕಿಸ್ರಿ" ಅನ್ನೋ ಸಂದೇಶ ನಮ್ಮ ಓಣಿಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಹೋದ ವಾರ ನಾನೂ ಅದನ್ನು ಮುಂದಕ್ಕೆ ಕಳಿಸಿದ್ದೆ. ಅದು ತಪ್ಪು, ಕ್ಷಮಿಸ್ರಿ.

ಕೋಣೆ ತಂಪಾಗಿಸುವ ಶಕ್ತಿಯನ್ನು ಹೇಳುವುದು ಟನ್. ಒಂದೂವರೆ ಟನ್ನಿನ 3 ಸ್ಟಾರೂ 5 ಸ್ಟಾರೂ ಹೆಚ್ಚುಕಡಿಮೆ ಒಂದೇ ತಂಪು ಕೊಡುತ್ತವೆ. 5 ಸ್ಟಾರ್ ಅದಕ್ಕೆ ಕಡಿಮೆ ಕರೆಂಟ್ ಬಳಸುತ್ತದೆ, ಅಷ್ಟೇ. ಬಿಸಿಲು ನೇರ ಬೀಳುವ ಮಾಳಿಗೆ ಕೋಣೆಗೆ ಟನ್ ಸಾಲದಿದ್ದರೆ ಎಷ್ಟು ಸ್ಟಾರ್ ಇದ್ದರೂ ಉಪಯೋಗವಿಲ್ಲ.

ಸ್ಟಾರ್ ನಿಗದಿಯಾಗುವುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ಐಎಸ್‌ಇಇಆರ್ ಅಂಕಿಯಿಂದ, ಅಂದರೆ ಬಳಸಿದ ಕರೆಂಟಿಗೆ ಏಸಿ ಎಷ್ಟು ತಂಪು ಕೊಡುತ್ತದೆ ಅನ್ನೋ ಅಳತೆಯಿಂದ. ಅಂಕಿ ಹೆಚ್ಚಿದ್ದಷ್ಟೂ ಉಳಿತಾಯ ಹೆಚ್ಚು. 2022ರ ಜುಲೈನಲ್ಲಿ ಸ್ಪ್ಲಿಟ್ ಏಸಿಗೆ 5 ಸ್ಟಾರ್‌ನ ಗಡಿ 4.5ರಿಂದ 5.0ಕ್ಕೆ ಏರಿತು. ಹಾಗಾಗಿ ಹಳೇ ಸ್ಟಾಕಿನ 5 ಸ್ಟಾರ್ ಮತ್ತು ಹೊಸದರ 5 ಸ್ಟಾರ್ ಒಂದೇ ಅಲ್ಲ. ಲೇಬಲ್ ಮೇಲಿನ ವರ್ಷವನ್ನೂ ಐಎಸ್‌ಇಇಆರ್ ಅಂಕಿಯನ್ನೂ ನೋಡ್ರಿ.

ಲೇಬಲ್‌ನಲ್ಲಿರುವ ವಾರ್ಷಿಕ ಕರೆಂಟ್ ಯೂನಿಟ್ ವರ್ಷಕ್ಕೆ 1600 ಗಂಟೆ ಏಸಿ ಓಡಿಸುವ ಲೆಕ್ಕದ್ದು. ನಮ್ಮ ಬ್ಯಾಸಿಗಿಯಲ್ಲಿ ಹಗಲು ರಾತ್ರಿ ಏಸಿ ಹಾಕುವ ಮನೆಗೆ ಅದಕ್ಕಿಂತ ಹೆಚ್ಚೇ ಆದೀತು. ಅಂಥವರಿಗೆ 5 ಸ್ಟಾರ್‌ನ ಹೆಚ್ಚಿನ ಬೆಲೆ ಬೇಗ ಮರಳುತ್ತದೆ. ವರ್ಷಕ್ಕೆ ಒಂದೆರಡು ತಿಂಗಳು, ರಾತ್ರಿ ಮಾತ್ರ ಬಳಸುವವರಿಗೆ 3 ಸ್ಟಾರ್ ಸಾಕಾಗಬಹುದು.

ದಯವಿಟ್ಟು ಆ ಸಂದೇಶ ಮುಂದಕ್ಕೆ ಕಳಿಸಬೇಡ್ರಿ. ನನ್ನಿಂದ ಬಂದಿದ್ದರೆ ಅಳಿಸಿ, ನೀವು ಯಾರಿಗೆ ಕಳಿಸಿದ್ದೀರೋ ಅವರಿಗೂ ತಿಳಿಸ್ರಿ.